ಬರಬಹುದಾದ ಎಲೆಗೆ ಎಷ್ಟು ಕೊಡಬೇಕು?

ರಮ್ಮಿ ಆಡಿ ಬೆಳೆದವರು ಪೋಕರ್ ಟೇಬಲ್ಲಿಗೆ ಕೂತಾಗ, ಕೆಟ್ಟ ಎಲೆ ಬಂದರೆ ಹೆಚ್ಚು ಕಳೆದುಕೊಳ್ಳುವುದಿಲ್ಲ. ಅದನ್ನು ಹಿಂದೆಮುಂದೆ ನೋಡದೆ ಮಡಚಿಡುವುದು ಎಲ್ಲರಿಗೂ ಗೊತ್ತು. ಕೈ ಸುಡುವುದು 'ಇನ್ನೇನು ಆಗೇಹೋಯಿತು' ಅನ್ನಿಸುವ ಎಲೆ ಬಂದಾಗ. ನಾಲ್ಕು ಆಟೀನು ಸೇರಿವೆ, ಐದನೆಯದು ಬಂದರೆ ಫ್ಲಶ್. ಅಷ್ಟರಲ್ಲಿ ಎದುರಿನವನು ದೊಡ್ಡ ಬೆಟ್ ಇಡುತ್ತಾನೆ. ಆಗ ಬಾಯಿಗೆ ಬರುವ ಮಾತು ಒಂದೇ: 'ನೋಡೇಬಿಡೋಣ.' ಈ 'ಬಿಡು' ವಿಚಿತ್ರ ಕ್ರಿಯಾಪದ. ಮಾಡಿಮುಗಿಸುವುದಕ್ಕೂ ಅದೇ, ಕೈಬಿಡುವುದಕ್ಕೂ ಅದೇ. 'ನೋಡೇಬಿಡೋಣ' ಎನ್ನುವ ಆಟಗಾರ ಹೆಚ್ಚಿನ ಸಲ ಕೈಬಿಟ್ಟಿರುವುದು ಲೆಕ್ಕವನ್ನು.

ರಮ್ಮಿಯಲ್ಲಿ ಒಂದೆಲೆಗಾಗಿ ಕಾಯುವುದೇ ಆಟ. ಏಳು, ಎಂಟು ಕೈಯಲ್ಲಿದ್ದರೆ ಆರಕ್ಕೋ ಒಂಬತ್ತಕ್ಕೋ ಕಾಯಬೇಕು. ಪ್ರತಿ ಸರದಿಗೆ ಒಂದೆಲೆ ಎತ್ತಬಹುದು, ಅದಕ್ಕೆ ಹೊಸದಾಗಿ ದುಡ್ಡು ಹಾಕಬೇಕಿಲ್ಲ. ಪೋಕರಿನಲ್ಲಿ ಹಾಗಲ್ಲ. ಅಲ್ಲಿ ಕಾಯುವುದಕ್ಕೆ ಟಿಕೆಟ್ ಇದೆ, ಟಿಕೆಟ್ಟಿನ ದರ ನಿಗದಿ ಮಾಡುವವನು ಎದುರಾಳಿ. ಆದ್ದರಿಂದ 'ಬರುತ್ತದೋ ಇಲ್ಲವೋ' ಎಂಬ ಪ್ರಶ್ನೆ ಪೋಕರಿನಲ್ಲಿ ಅರ್ಧ ಪ್ರಶ್ನೆ ಮಾತ್ರ. 'ಬರಬಹುದಾದ ಎಲೆಗೆ ಎಷ್ಟು ಕೊಡುತ್ತಿದ್ದೇನೆ' ಎಂಬುದು ಉಳಿದರ್ಧ. ದೊಡ್ಡ ಬೆಟ್ಟಿನ ಎದುರು ಈ ಉಳಿದರ್ಧವನ್ನು ಕೇಳಿಕೊಂಡವರು ಬಹಳಷ್ಟು ಸಲ ಎಲೆ ಮಡಚುತ್ತಾರೆ, ಮಡಚಲೇಬೇಕು.

ಎಲ್ಲ ಕಡೆ ಚಾಲ್ತಿಯಲ್ಲಿರುವ ಟೆಕ್ಸಾಸ್ ಹೋಲ್ಡೆಮ್ ಆಟವನ್ನೇ ತೆಗೆದುಕೊಳ್ಳೋಣ. ಪ್ರತಿಯೊಬ್ಬರಿಗೂ ಎರಡು ಮುಚ್ಚಿದ ಎಲೆ. ನಡುವೆ ಎಲ್ಲರಿಗೂ ಸೇರಿದ ಐದು ತೆರೆದ ಎಲೆ: ಮೊದಲು ಒಟ್ಟಿಗೆ ಮೂರು, ಅದು ಫ್ಲಾಪ್, ಆಮೇಲೆ ಒಂದು, ಅದು ಟರ್ನ್, ಕೊನೆಯದು ರಿವರ್. ಪ್ರತಿ ಹಂತದಲ್ಲೂ ಪಣ ಕಟ್ಟಬಹುದು. ಈಗ ಆಟಗಾರನ ಕೈಯಲ್ಲಿ ಆಟೀನಿನ ರಾಣಿ ಮತ್ತು ಒಂಬತ್ತು ಇವೆ ಅನ್ನಿ. ನಡುವೆ ಬಿದ್ದ ನಾಲ್ಕು ಎಲೆಗಳಲ್ಲಿ ಎರಡು ಆಟೀನು. ಪಾಟ್‌ನಲ್ಲಿ 1000 ರೂಪಾಯಿ. ಎದುರಾಳಿಯ ಹತ್ತಿರ ರಾಜನ ಜೋಡಿ ಇದ್ದಂತೆ ಕಾಣುತ್ತದೆ, ಅವನು ಇನ್ನೊಂದು 1000 ಮುಂದಕ್ಕೆ ತಳ್ಳುತ್ತಾನೆ. ಆಟಗಾರ 1000 ಕೊಟ್ಟು ಕೊನೆಯ ಎಲೆ ನೋಡಬೇಕೇ?

52ರಲ್ಲಿ ಆಟಗಾರ ಕಂಡಿರುವುದು ಆರು ಎಲೆ. ಕಾಣದಿರುವುದು 46. ಹದಿಮೂರು ಆಟೀನುಗಳಲ್ಲಿ ನಾಲ್ಕು ಕಣ್ಣೆದುರಿಗಿವೆ, ಉಳಿದದ್ದು ಒಂಬತ್ತು. ಇದೇ ಸನ್ನಿವೇಶ 46 ಸಲ ಬಂದರೆ ಸರಾಸರಿ ಒಂಬತ್ತು ಸಲ ಎಲೆ ಬರುತ್ತದೆ, 37 ಸಲ ಬರುವುದಿಲ್ಲ. ಬಂದಾಗ ಸಿಗುವುದು ತಲಾ 2000, ಅಂದರೆ 18,000. ಬರದಾಗ ಹೋಗುವುದು ತಲಾ 1000, ಅಂದರೆ 37,000. ನಿವ್ವಳ ನಷ್ಟ 19,000. ಒಂದು ಕಾಲ್‌ಗೆ ಸುಮಾರು 413 ರೂಪಾಯಿ. ಕಡಲೆಬೀಜ ಪಣಕ್ಕಿಟ್ಟು ಆಡಿದರೂ ಈ ಪ್ರಮಾಣ ಬದಲಾಗುವುದಿಲ್ಲ.

ಇಲ್ಲಿ ಗಮನಿಸಬೇಕಾದ್ದು ಒಂದಿದೆ. ಆಟೀನು ಬಂದು ಗೆದ್ದ ರಾತ್ರಿಯೂ ಅದು 413 ರೂಪಾಯಿ ನಷ್ಟದ ನಿರ್ಧಾರವೇ. ಗೆದ್ದದ್ದು ಎಲೆಯಿಂದ, ನಿರ್ಧಾರದಿಂದಲ್ಲ. ಆದರೆ ಮಾರನೆಯ ದಿನ ಗೆಳೆಯರ ನಡುವೆ ಕಥೆಯಾಗುವುದು ಆ ಒಂದು ರಾತ್ರಿ. ಬರದೇಹೋದ 37 ಸಲದ ಬಗ್ಗೆ ಯಾರೂ ಕಥೆ ಹೇಳುವುದಿಲ್ಲ, ಅವುಗಳಲ್ಲಿ ಹೇಳುವಂಥದ್ದೇನೂ ಇರುವುದಿಲ್ಲ. ಹೀಗಾಗಿ ಆಟಗಾರನ ನೆನಪಿನಲ್ಲಿ ಒಂಬತ್ತು ದೊಡ್ಡದಾಗುತ್ತ, 37 ಸಣ್ಣದಾಗುತ್ತ ಹೋಗುತ್ತದೆ.

ದರ ಹೇಗೆ ಏರುತ್ತದೆ ಎಂಬುದನ್ನು ತಿಳಿದಿಟ್ಟುಕೊಂಡರೆ ಟೇಬಲ್ಲಿನಲ್ಲಿ ಕೂತು ಭಾಗಾಕಾರ ಮಾಡಬೇಕಾಗಿಲ್ಲ. ಎದುರಾಳಿ ಪಾಟಿನ ಅರ್ಧದಷ್ಟು ಬೆಟ್ ಇಟ್ಟರೆ ನೂರಕ್ಕೆ 25 ಸಲವಾದರೂ ಗೆಲ್ಲುವ ಎಲೆ ಬೇಕು. ಪಾಟಿನಷ್ಟೇ ಇಟ್ಟರೆ 33. ಪಾಟಿನ ಎರಡರಷ್ಟು ಇಟ್ಟರೆ 40. ಇತ್ತ ಒಂದೇ ಎಲೆ ಬಾಕಿ ಇರುವಾಗ ಫ್ಲಶ್ ಬರುವ ಸಾಧ್ಯತೆ ನೂರಕ್ಕೆ ಇಪ್ಪತ್ತರ ಒಳಗೆ. ಎರಡೂ ತುದಿ ತೆರೆದಿರುವ ಸ್ಟ್ರೇಟ್‌ಗೆ ಎಂಟು ಎಲೆ, ಅಂದರೆ 17 ಚಿಲ್ಲರೆ. ನಡುವಿನ ಒಂದೆಲೆ ಖಾಲಿ ಇರುವ ಸ್ಟ್ರೇಟ್‌ಗೆ ನಾಲ್ಕೇ ಎಲೆ, ಒಂಬತ್ತಕ್ಕೂ ಕಡಿಮೆ. ಅರ್ಧ ಪಾಟಿನ ಬೆಟ್ಟಿಗೇ ಸಾಲದ ಎಲೆ ಪೂರ್ತಿ ಪಾಟಿನ ಬೆಟ್ಟಿಗೆ ಹೇಗೆ ಸಾಕಾದೀತು?

ಇದನ್ನು ಓದಿಕೊಂಡವರೂ ಎಡವುವ ಜಾಗ ಎರಡಿವೆ. ಮೊದಲನೆಯದು '35' ಎಂಬ ಸಂಖ್ಯೆ. ಫ್ಲಾಪ್ ಆದ ಮೇಲೆ ಇನ್ನೂ ಎರಡು ಎಲೆ ಬಾಕಿ ಇರುತ್ತವೆ, ಎರಡರಲ್ಲಿ ಒಂದಾದರೂ ಆಟೀನು ಬರುವ ಸಾಧ್ಯತೆ ನೂರಕ್ಕೆ 35. ಪಾಟಿನಷ್ಟು ಬೆಟ್ಟಿಗೆ ಬೇಕಾದದ್ದು 33, ಹಾಗಾಗಿ ಕಾಲ್ ಸರಿ ಎಂದು ವಾದ. ಎದುರಾಳಿ ತನ್ನ ಹತ್ತಿರ ಇದ್ದದ್ದನ್ನೆಲ್ಲ ಮುಂದಿಟ್ಟು ಆಲ್-ಇನ್ ಆಗಿದ್ದರೆ ಈ ವಾದ ಸರಿಯೇ. ಆಗ ಒಂದೇ ಟಿಕೆಟ್ಟಿಗೆ ಎರಡೂ ಎಲೆ ಸಿಗುತ್ತವೆ. 1000 ಕೊಟ್ಟರೆ ಸರಾಸರಿ 50 ರೂಪಾಯಿಯಷ್ಟು ಲಾಭವೂ ಉಂಟು. ಆದರೆ ಅವನ ಮುಂದೆ ಇನ್ನೂ ಚಿಪ್ಪುಗಳ ರಾಶಿ ಇದ್ದರೆ, ಟರ್ನ್ ಬಿದ್ದ ಮೇಲೆ ಅವನು ಮತ್ತೆ ಬೆಟ್ ಇಡುತ್ತಾನೆ. ಆಗ ಎರಡನೇ ಟಿಕೆಟ್ ಬೇಕು, ಅದು ಮೊದಲಿನದಕ್ಕಿಂತ ದುಬಾರಿ. ಎರಡು ಎಲೆಯ ಆಸೆ ಇಟ್ಟುಕೊಂಡು ಒಂದೆಲೆಗೆ ದುಡ್ಡು ಕಟ್ಟುವುದು ಕಲಿತವರ ತಪ್ಪು.

ಎರಡನೆಯದು ಇಂಪ್ಲೈಡ್ ಆಡ್ಸ್. ಎಲೆ ಬಂದ ಮೇಲೆ ಎದುರಾಳಿಯಿಂದ ಇನ್ನಷ್ಟು ದುಡ್ಡು ಬರುತ್ತದೆ, ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು ಎಂಬುದು ಇದರ ಅರ್ಥ. ಮಾತು ನಿಜ. ಆದರೆ ಎಷ್ಟು ಬರಬೇಕು ಎಂದು ಕೇಳುವವರು ಕಡಿಮೆ. ಮೇಲಿನ ಉದಾಹರಣೆಯಲ್ಲಿ ಬರಿಯ ಅಸಲು ಹುಟ್ಟಬೇಕಾದರೂ ಆಟೀನು ಬಂದ ಪ್ರತಿ ಸಲ ಎದುರಾಳಿ ಸರಾಸರಿ ಇನ್ನೂ 2111 ರೂಪಾಯಿ ಕೊಡಬೇಕು. ನಡುವೆ ಮೂರನೇ ಆಟೀನು ಬಿದ್ದದ್ದು ಅವನಿಗೂ ಕಾಣುತ್ತದೆ. ಅವನೇನು ಕುರುಡನೇ? ಕೆಲವೊಮ್ಮೆ ಅವನ ಕೈಯಲ್ಲೇ ಆಟೀನಿನ ಎಕ್ಕ ಇರುತ್ತದೆ, ರಾಣಿಯ ಫ್ಲಶ್ ಬಂದೂ ಸೋಲುತ್ತದೆ. ಎದುರಾಳಿಗೆ ಸುಲಭವಾಗಿ ಕಾಣದ ಸ್ಟ್ರೇಟ್ ಆದರೆ, ಇಬ್ಬರ ಮುಂದೆಯೂ ಪಾಟಿಗಿಂತ ಹಲವು ಪಟ್ಟು ಚಿಪ್ಪುಗಳಿದ್ದರೆ, ಅವನು ಮಡಚಲಾರದ ಸ್ವಭಾವದವನಾದರೆ ಈ ಲೆಕ್ಕ ನಿಲ್ಲುತ್ತದೆ. ಈ ಷರತ್ತುಗಳಿಲ್ಲದೆ ಹೇಳಿದ ಇಂಪ್ಲೈಡ್ ಆಡ್ಸ್ ಆಸೆಗೆ ಇಟ್ಟ ಇಂಗ್ಲಿಷ್ ಹೆಸರು ಅಷ್ಟೇ.

ಹಾಗಾದರೆ ದೊಡ್ಡ ಬೆಟ್ ಕಂಡಾಗಲೆಲ್ಲ ಓಡುವುದೇ? ಹಾಗೆ ಓಡುವವನನ್ನು ಎದುರಾಳಿ ಒಂದೇ ಗಂಟೆಯಲ್ಲಿ ಗುರುತಿಸುತ್ತಾನೆ, ಆಮೇಲೆ ಏನೂ ಇಲ್ಲದ ಕೈಯಲ್ಲೂ ಬೆಟ್ ಇಟ್ಟು ಹೆದರಿಸುತ್ತಾನೆ. ಈ ಆಕ್ಷೇಪಕ್ಕೆ ತೂಕವಿದೆ. ಆದರೆ ಅದಕ್ಕೆ ಉತ್ತರ ಸುಮ್ಮನೆ ಕಾಲ್ ಮಾಡುವುದರಲ್ಲಿಲ್ಲ. ಡೇವಿಡ್ ಸ್ಕ್ಲಾನ್ಸ್ಕಿ ತನ್ನ 'ದಿ ಥಿಯರಿ ಆಫ್ ಪೋಕರ್' ಪುಸ್ತಕದಲ್ಲಿ ಸೆಮಿ-ಬ್ಲಫ್ ಎಂದು ವಿವರಿಸುವ ದಾರಿ ಇದೆ: ಎಲೆ ಇನ್ನೂ ಕೂಡಿಲ್ಲದಾಗಲೇ ತಾನೇ ಬೆಟ್ ಇಡುವುದು, ಏರಿಸುವುದು. ಎದುರಾಳಿ ಮಡಚಿದರೆ ಅಲ್ಲಿಗೇ ಗೆಲುವು, ಮಡಚದಿದ್ದರೆ ಎಲೆ ಬರುವ ಅವಕಾಶ ಇದ್ದೇ ಇದೆ. ಫ್ಲಶ್ ಮತ್ತು ಸ್ಟ್ರೇಟ್ ಎರಡಕ್ಕೂ ತೆರೆದುಕೊಂಡ ಕೈಯಲ್ಲಿ ಹದಿನೈದು ಎಲೆ ಸಹಾಯಕ್ಕೆ ಬರುತ್ತವೆ. ಫ್ಲಾಪ್‌ನಿಂದ ಕೊನೆಯವರೆಗೆ ಅವುಗಳಲ್ಲೊಂದು ಬರುವ ಸಾಧ್ಯತೆ ನೂರಕ್ಕೆ 54. ಅಂಥ ಕೈಯಲ್ಲಿ ಧೈರ್ಯ ಮಾಡಬೇಕು. ಮಾಮೂಲಿ ಡ್ರಾ ಹಿಡಿದು ಕಾಲ್ ಮಾಡುವವನಿಗೆ ಮಾತ್ರ ಗೆಲ್ಲಲು ಒಂದೇ ದಾರಿ, ಎಲೆ ಬರಬೇಕು.

ಈ ಲೆಕ್ಕಕ್ಕೆ ಟೇಬಲ್ಲಿನ ಹೊರಗೂ ಒಂದು ಮಹತ್ವವಿದೆ. ಸಿಕಂದರಾಬಾದಿನ ಕ್ಲಬ್ಬೊಂದರ ಪ್ರಕರಣದಲ್ಲಿ 1967ರಲ್ಲಿ ಸುಪ್ರೀಂ ಕೋರ್ಟ್ ರಮ್ಮಿ ಮುಖ್ಯವಾಗಿ ಕೌಶಲ್ಯದ ಆಟ ಎಂದಿತು. ಬಿದ್ದ ಎಲೆಗಳನ್ನು ನೆನಪಿಡಬೇಕು ಎಂಬುದು ಅದು ಕೊಟ್ಟ ಕಾರಣಗಳಲ್ಲೊಂದು. ಮೂರೆಲೆಯ ಆಟವನ್ನು ಅದೃಷ್ಟದ ಪಾಲಿಗೆ ಬಿಟ್ಟಿತು. ಕೌಶಲ್ಯದ ಅದೇ ತರ್ಕ ಬೆಳೆದು 2022ರ ಫೆಬ್ರುವರಿಯಲ್ಲಿ ಕರ್ನಾಟಕ ಹೈಕೋರ್ಟ್ ರಾಜ್ಯದ ಆನ್‌ಲೈನ್ ಆಟ ನಿಷೇಧದ ತಿದ್ದುಪಡಿಯ ಮುಖ್ಯ ಅಂಶಗಳನ್ನು ರದ್ದುಮಾಡಿತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಒಪ್ಪಿದ ಕಾಯ್ದೆ ಕೌಶಲ್ಯವೋ ಅದೃಷ್ಟವೋ ಎಂದು ಕೇಳದೆ ದುಡ್ಡಿನ ಆನ್‌ಲೈನ್ ಆಟಗಳನ್ನೆಲ್ಲ ನಿಷೇಧಿಸಿತು. ಆ ಕಾಯ್ದೆ ಸರಿಯೇ ತಪ್ಪೇ ಎಂಬುದು ಬೇರೆ ಚರ್ಚೆ. ಆದರೆ ಪೋಕರ್ ಕೌಶಲ್ಯದ ಆಟ ಎಂದು ವಾದಿಸುವವರು ಒಂದನ್ನು ಒಪ್ಪಬೇಕು: ಕೌಶಲ್ಯ ಆಟದ ನಿಯಮಗಳಲ್ಲಿ ಕೂತಿರುವುದಿಲ್ಲ, ಆಡುವವನ ನಿರ್ಧಾರದಲ್ಲಿ ಇರುತ್ತದೆ. ಒಂಬತ್ತು ಎಲೆಗೆ ಪಾಟಿನಷ್ಟು ದುಡ್ಡು ಕಟ್ಟುವವನು ಆ ಗಳಿಗೆಯಲ್ಲಿ ಆಡುತ್ತಿರುವುದು ಜೂಜು, ಟೇಬಲ್ ಯಾವುದೇ ಇರಲಿ.

ಈ ಮಾತು ನಮ್ಮವರಿಗೆ ಹೊಸದೂ ಅಲ್ಲ. ಕನಕದಾಸರು 'ನಳಚರಿತ್ರೆ'ಯಲ್ಲಿ ಕನ್ನಡಕ್ಕೆ ತಂದ ನಳನ ಕಥೆ ಮೂಲದಲ್ಲಿ ಮಹಾಭಾರತದ ವನಪರ್ವದ್ದು. ಅಲ್ಲಿ ರಾಜ್ಯ ಕಳೆದುಕೊಂಡ ನಳ, ಬಾಹುಕನಾಗಿ ಋತುಪರ್ಣನ ರಥ ಓಡಿಸುತ್ತಾನೆ. ದಾರಿಯಲ್ಲಿ ಋತುಪರ್ಣ ಒಂದು ತಾರೆ ಮರವನ್ನು ಕಂಡು ಅದರ ಎಲೆ, ಕಾಯಿಗಳ ಸಂಖ್ಯೆಯನ್ನು ನಿಂತಲ್ಲೇ ಹೇಳುತ್ತಾನೆ. ನಳ ನಂಬುವುದಿಲ್ಲ. ಹೊತ್ತಾಗುತ್ತಿದ್ದರೂ ರಥ ನಿಲ್ಲಿಸಿ, ಮರ ಕಡಿದು, ಎಣಿಸಿ ನೋಡುತ್ತಾನೆ. ಲೆಕ್ಕ ಸರಿಯಾಗಿರುತ್ತದೆ. ಆಮೇಲೆ ಋತುಪರ್ಣ ಅವನಿಗೆ ಕಲಿಸುವ ವಿದ್ಯೆಯ ಹೆಸರು ಅಕ್ಷಹೃದಯ, ದಾಳದ ಮರ್ಮ. ಎಣಿಕೆಯ ವಿದ್ಯೆ, ಜೂಜಿನ ವಿದ್ಯೆ ಎರಡನ್ನೂ ಕಥೆ ಒಬ್ಬನಲ್ಲೇ ಇಟ್ಟಿದೆ. ನಳ ಅದನ್ನು ಕಲಿತ ಕೂಡಲೇ ಅಷ್ಟು ಕಾಲ ಅವನ ಮೈಯಲ್ಲಿ ಹೊಕ್ಕು ಕೂತಿದ್ದ ಕಲಿ ಹೊರಗೆ ಬರುತ್ತಾನೆ.

ಉತ್ತರದಲ್ಲಿ ದೀಪಾವಳಿಗೆ, ಹಳೇ ಮೈಸೂರಿನ ಹಳ್ಳಿಗಳಲ್ಲಿ ಯುಗಾದಿಗೆ ಇಸ್ಪೀಟು ಹೊರಬರುತ್ತದೆ. ಪುಣೆ, ಹೈದರಾಬಾದಿನ ಫ್ಲ್ಯಾಟುಗಳಲ್ಲಿ ಹಬ್ಬಕ್ಕೂ ಕಾಯಬೇಕಿಲ್ಲ, ಶನಿವಾರವಾದರೆ ಸಾಕು. ಅಲ್ಲಿ ನಾಲ್ಕು ಆಟೀನು ಹಿಡಿದು ಕೂತವನು ದೊಡ್ಡ ಬೆಟ್ಟಿನ ಮುಂದೆ ಕೇಳಿಕೊಳ್ಳಬೇಕಾದ್ದು ಮೂರೇ ಪ್ರಶ್ನೆ. ನನಗೆ ಸಹಾಯವಾಗುವ ಎಲೆ ಎಷ್ಟು? ಈ ದರಕ್ಕೆ ಸಿಗುವುದು ಒಂದೆಲೆಯೋ ಎರಡೋ? ಬಂದರೆ ಇವನು ಇನ್ನೆಷ್ಟು ಕೊಟ್ಟಾನು, ಯಾಕೆ ಕೊಟ್ಟಾನು? ಮೂರನೆಯದಕ್ಕೆ ಉತ್ತರ ಹೊಳೆಯದಿದ್ದರೆ ಎಲೆ ಕವುಚಿ ಹಾಕಿ, ಮುಂದಿನ ಕೈಗೆ ಕಾಯುವುದು. ಪೋಕರಿನಲ್ಲಿ ಅದೊಂದೇ ಅಗ್ಗದ ಕಾಯುವಿಕೆ.