ವಾರಂಟಿ ಉದ್ದವಾದರೆ ಗಾಡಿ ಗಟ್ಟಿಯೇ?

ವಯನಾಡಿನಲ್ಲಿ ಥಾರ್, ಜಿಮ್ನಿಗಳ ಹುಚ್ಚು ಜೋರಾಗಿದೆ. ತೋಟದ ಕೆಲಸಕ್ಕೆಂದು ಕೊಂಡ ಗಾಡಿ ಭಾನುವಾರ ಬೆಟ್ಟ ಹತ್ತುತ್ತದೆ. ಅದಕ್ಕೆಂದೇ ಸಾಲ ಮಾಡಿ ಕೊಳ್ಳುವವರೂ ಇದ್ದಾರೆ. ತಪ್ಪೇನಿಲ್ಲ ಬಿಡಿ. ಆದರೆ ಗಡಿಯಾಚೆಯ ನಮ್ಮ ಕನ್ನಡದವರ ಬಾಯಲ್ಲೂ ಒಂದು ಮಾತು ಓಡಾಡುತ್ತಿದೆ: "ಕಂಪೆನಿಯವರೇ ಅಷ್ಟು ವರ್ಷ ವಾರಂಟಿ ಕೊಡ್ತಾರೆ ಅಂದ್ರೆ ಗಾಡಿ ಗಟ್ಟಿ ಇರಲೇಬೇಕಲ್ವಾ?" ಇದನ್ನು ನಾವು ಅಷ್ಟು ಸಲೀಸಾಗಿ ಒಪ್ಪಲಾರೆವು.

ಜಿಮ್ನಿಯನ್ನೇ ನೋಡಿ. 2023ರ ಜೂನ್‌ನಲ್ಲಿ ಅದು ಬಂದಾಗ ಮಾರುತಿ ಕೊಡುತ್ತಿದ್ದದ್ದು 2 ವರ್ಷ ಅಥವಾ 40,000 ಕಿ.ಮೀ. ವಾರಂಟಿ. 2024ರ ಜುಲೈ 9ರಿಂದ ಅದು 3 ವರ್ಷ ಅಥವಾ 1 ಲಕ್ಷ ಕಿ.ಮೀ. ಆಯಿತು. ಹಿಂದಿನ ದಿನ ಶೋರೂಮಿನಲ್ಲಿ ನಿಂತಿದ್ದ ಗಾಡಿಗೂ ಮರುದಿನ ಮಾರಾಟವಾದರೆ ಹೊಸ ವಾರಂಟಿ! ಬೆಳಗಾಗುವಷ್ಟರಲ್ಲಿ ಅದರ ಒಂದು ಬೋಲ್ಟಾದರೂ ಗಟ್ಟಿಯಾಯಿತೇ? ಬದಲಾದದ್ದು ಕಾಗದ ಮಾತ್ರ.

ಇನ್ನೊಂದು ಉದಾಹರಣೆ ಅಮೆರಿಕದ್ದು. ಅಲ್ಲಿ 1990ರ ದಶಕದಲ್ಲಿ ಹ್ಯುಂಡೈ ಅಂದರೆ ಜನ ನಗುತ್ತಿದ್ದರು. 1998ರಲ್ಲಿ ಆ ಕಂಪೆನಿ ಇಂಜಿನ್, ಗೇರ್‌ಬಾಕ್ಸಿಗೆ 10 ವರ್ಷ ಅಥವಾ 1 ಲಕ್ಷ ಮೈಲಿ ವಾರಂಟಿ ಘೋಷಿಸಿತು. ಹೆಸರು ಮಾಡಿದ್ದ ಟೊಯೋಟಾ 5 ವರ್ಷ, 60,000 ಮೈಲಿಗೇ ನಿಂತಿತ್ತು. ನಂಬಿಕೆ ಇಲ್ಲದವರು ನಂಬಿಕೆ ಕೊಳ್ಳಲು ಉದ್ದದ ವಾರಂಟಿ ಕೊಟ್ಟರು! ಆದರೆ ಕೆಟ್ಟರೆ ಖರ್ಚು ಕಂಪೆನಿಯದೇ ತಾನೆ? ಹಾಗಾಗಿ ಗಾಡಿಯನ್ನೂ ಸುಧಾರಿಸಲೇಬೇಕಾಯಿತು. ಅಂದರೆ ವಾರಂಟಿ ಪೂರಾ ಸುಳ್ಳೂ ಅಲ್ಲ, ಪೂರಾ ಸಾಕ್ಷಿಯೂ ಅಲ್ಲ.

ಈಗ ನಮ್ಮ ಚುರಂ ರಸ್ತೆಗೆ ಬನ್ನಿ. ಅಡಿವಾರದಿಂದ ಲಕ್ಕಿಡಿಗೆ ಒಂಬತ್ತು ಹೇರ್‌ಪಿನ್ ತಿರುವು. ಅಲ್ಲಿ ಮೊದಲು ಸವೆಯುವುದು ಬ್ರೇಕ್ ಪ್ಯಾಡ್, ಕ್ಲಚ್, ಟೈರು. ಸವೆತಕ್ಕೆ ಕಂಪೆನಿಯ ವಾರಂಟಿ ಸಾಮಾನ್ಯವಾಗಿ ಇರುವುದಿಲ್ಲ. ದೊಡ್ಡ ಟೈರು, ಹೆಚ್ಚುವರಿ ಲೈಟು ಹಾಕಿಸಿದಿರೋ, ಅದರಿಂದಲೇ ಕೆಟ್ಟಿತು ಅಂತ ಕೈ ತೊಳೆದುಕೊಳ್ಳಬಹುದು. ಬಾಡಿಗೆಗೆ ಓಡಿಸಿದರೆ ಷರತ್ತೇ ಬೇರೆ ಇರಬಹುದು. ಸಾಲದ ಕಂತು ಮಾತ್ರ ಯಾವ ಷರತ್ತೂ ಇಲ್ಲದೆ ತಿಂಗಳು ತಿಂಗಳು ಬರುತ್ತದೆ.

"ಹಳೇ ಮಹೀಂದ್ರ ಜೀಪು ವಾರಂಟಿ ಇಲ್ಲದೆಯೂ ಎಸ್ಟೇಟು ಹತ್ತುತ್ತಿಲ್ಲವೇ?" ಅನ್ನುವವರಿಗೂ ಒಂದು ಮಾತು. ಉಳಿದ ಜೀಪು ಮಾತ್ರ ನಮ್ಮ ಕಣ್ಣಿಗೆ ಬೀಳುತ್ತದೆ, ಕೆಟ್ಟದ್ದು ಯಾವತ್ತೋ ಗುಜರಿ ಸೇರಿದೆ.

ಹಾಗಾದರೆ ಮಾಡುವುದೇನು? ವರ್ಷ ಎಣಿಸುವ ಮೊದಲು, ಏನೇನಕ್ಕೆ ವಾರಂಟಿ ಇಲ್ಲ ಅನ್ನುವ ಪುಟ ಓದಿ. ಇಂಗ್ಲಿಷು ಕಷ್ಟವಾದರೆ ಮನೆಯ ಮಕ್ಕಳಿಂದಲೇ ಓದಿಸಿ, ಅವರಿಗೂ ಒಂದು ಪಾಠ. ಐದು ವರ್ಷ ಅದೇ ಗಾಡಿ ಓಡಿಸಿದವರನ್ನೂ ಊರಿನ ಮೆಕ್ಯಾನಿಕ್ಕನ್ನೂ ವಿಚಾರಿಸಿ. ಸೇಲ್ಸಿನವರು ಬಾಯಲ್ಲಿ ಹೇಳಿದ್ದನ್ನು ಬರೆಸಿಕೊಳ್ಳಿ. ನಾಳೆ ಕಲ್ಪೆಟ್ಟದ ಜಿಲ್ಲಾ ಗ್ರಾಹಕ ಆಯೋಗದ ಮೆಟ್ಟಿಲು ಹತ್ತಬೇಕಾಗಿ ಬಂದರೆ ಕೆಲಸಕ್ಕೆ ಬರುವುದು ಆ ಕಾಗದವೇ.

ಗಾಡಿಯ ಗಟ್ಟಿತನ ವಾರಂಟಿ ಮುಗಿದ ಮಾರನೆಯ ದಿನದಿಂದ ಗೊತ್ತಾಗುತ್ತದೆ ಅನ್ನುವುದು ನಮ್ಮ ಅಭಿಪ್ರಾಯ. ನೀವೇನಂತೀರಿ?