ಹತ್ತು ಜನರಿಲ್ಲದ ಅಂಗಡಿಗೂ ಆರೋಗ್ಯ ವಿಮೆ ಬೇಕು

ಅಂದೋಲಾ, ಜೇವರ್ಗಿ ಭಾಗದ ಸದ್ಭಕ್ತರು ನಿತ್ಯ ಕಾಣುವ ಕಾಯಕಜೀವಿಗಳಿವರು: ಖಾನಾವಳಿಯಲ್ಲಿ ರೊಟ್ಟಿ ಬಡಿಯುವ ತಾಯಿ, ಕಿರಾಣಿ ಅಂಗಡಿಯಲ್ಲಿ ಚೀಲ ಹೊರುವ ತರುಣ, ಹಿಟ್ಟಿನ ಗಿರಣಿಯ ಧೂಳಿನಲ್ಲಿ ದಿನವಿಡೀ ನಿಲ್ಲುವಾತ. ಇವರು ಜ್ವರದಿಂದ ಮಲಗಿದರೆ ಅಂದಿನ ಪಗಾರವಿಲ್ಲ. ಮಾಲೀಕರು ನಿರ್ದಯರೆಂದು ನಾವು ಹೇಳುತ್ತಿಲ್ಲ. ಅವರ ಗಲ್ಲೆಯೂ ಅಷ್ಟಕ್ಕಷ್ಟೇ.

ತಿಂಗಳಿಗೆ 21,000 ರೂಪಾಯಿವರೆಗೆ ವೇತನ ಪಡೆಯುವ ಕೆಲಸಗಾರರಿಗೆ ಇಎಸ್‌ಐ ವಿಮೆಯುಂಟು. ಆದರೆ ಹತ್ತು ಜನರಿಗಿಂತ ಕಡಿಮೆ ಇರುವ ಅಂಗಡಿಗಳು ಅದರಿಂದ ಹೊರಗುಳಿದಿದ್ದವು. 2025ರ ನವೆಂಬರ್ 21ರಂದು ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯು, ಮಾಲೀಕರೂ ಬಹುಪಾಲು ಕೆಲಸಗಾರರೂ ಒಪ್ಪಿದರೆ ಇಂಥ ಅಂಗಡಿಗಳೂ ಸೇರಬಹುದೆಂದು ಹೇಳುತ್ತದೆ.

ಬಾಗಿಲು ತೆರೆದಿದೆ, ನಿಜ. ಒಳಹೋಗಲು ಹಣ ಬೇಕಲ್ಲವೇ? 12,000 ರೂಪಾಯಿ ಪಗಾರಕ್ಕೆ ಮಾಲೀಕರ ಪಾಲು ಶೇ. 3.25, ಅಂದರೆ 390 ರೂಪಾಯಿ, ಕೆಲಸಗಾರರದು ಶೇ. 0.75, ಅಂದರೆ 90. ನಾಲ್ವರಿದ್ದರೆ ಮಾಲೀಕರು ತಿಂಗಳಿಗೆ 1,560 ರೂಪಾಯಿ ಕಟ್ಟಬೇಕು. ತೊಗರಿ ಒಣಗಿ ಉದ್ರಿ ವಸೂಲಾಗದ ವರ್ಷದಲ್ಲಿ ಇದು ಹಗುರವಾದ ಹೊರೆಯಲ್ಲ.

ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯ ಆಯುಷ್ಮಾನ್ ಚಿಕಿತ್ಸೆ ಇರುವಾಗ ಇದೇಕೆ ಎಂದು ಕೆಲವರು ಕೇಳುತ್ತಾರೆ. ಆ ಕಾರ್ಡು ಆಸ್ಪತ್ರೆಯ ಬಿಲ್ಲನ್ನು ತೀರಿಸೀತು. ಮನೆಯ ಒಲೆ ಉರಿಸದು. ಇಎಸ್‌ಐನಲ್ಲಿ ಅರ್ಹ ಕೆಲಸಗಾರರಿಗೆ ಕಾಯಿಲೆಯ ರಜೆಯಲ್ಲಿ ವೇತನದ ಶೇ. 70ರಷ್ಟು, ವರ್ಷಕ್ಕೆ 91 ದಿನಗಳವರೆಗೆ ದೊರೆಯುತ್ತದೆ. ದಾಖಲಾಗದೆ ಪಡೆಯುವ ಔಷಧೋಪಚಾರವೂ ಅದರಲ್ಲಿ ಸೇರಿದೆ. ಕ್ಷಯ, ಸಕ್ಕರೆ ಕಾಯಿಲೆಯಂಥ ದೀರ್ಘ ವ್ಯಾಧಿಗಳಲ್ಲಿ ರೋಗಿ ಔಷಧ ನಿಲ್ಲಿಸುವುದು ಹಲವು ವೇಳೆ ಕೂಲಿ ತಪ್ಪುವ ಭಯದಿಂದಲೇ.

ಆದ್ದರಿಂದ ಹತ್ತು ಜನರಿಗಿಂತ ಕಡಿಮೆ ಇರುವ ಅಂಗಡಿಗಳ ಮಾಲೀಕರ ಪಾಲಿನಲ್ಲಿ ಅರ್ಧವನ್ನು ಮೊದಲ ಮೂರು ವರ್ಷ ಸರ್ಕಾರವೇ ಭರಿಸುವಂತೆ ಕಾನೂನಾಗಬೇಕೆಂಬುದು ನಮ್ಮ ಆಗ್ರಹ. ಇದು ಹೊಸ ಮಾತೇನಲ್ಲ. 2016ರ ಪ್ರಧಾನಮಂತ್ರಿ ರೋಜಗಾರ ಪ್ರೋತ್ಸಾಹನ ಯೋಜನೆಯಲ್ಲಿ ಹೊಸ ನೌಕರರ ಪಿಂಚಣಿ ನಿಧಿಗೆ ಮಾಲೀಕರ ಪಾಲನ್ನು ಕೇಂದ್ರವೇ ಕಟ್ಟಿತ್ತು. ಪಿಂಚಣಿಗೆ ಸಾಧ್ಯವಾದದ್ದು ಆರೋಗ್ಯಕ್ಕೇಕೆ ಆಗದು?

ಇನ್ನೊಂದು ಮಾತು. ಕಲಬುರಗಿಯಲ್ಲಿ ಇಎಸ್‌ಐನ ದೊಡ್ಡ ಆಸ್ಪತ್ರೆ, ವೈದ್ಯಕೀಯ ಕಾಲೇಜುಗಳಿವೆ. ಆದರೆ ಸಣ್ಣ ಕೆಮ್ಮಿಗೂ ಅಲ್ಲಿಗೇ ಬಸ್ಸು ಹತ್ತಬೇಕಾದರೆ ಒಂದು ದಿನದ ದುಡಿಮೆ ಹೋದಂತೆಯೇ. ಅಂದೋಲಾದವರಿಗೆ ಹತ್ತಿರದಲ್ಲೇ ಔಷಧ ಸಿಗುವ ವ್ಯವಸ್ಥೆಯಾಗಬೇಕು.

ಅಂಗಡಿ, ಗಿರಣಿ ನಡೆಸುವ ಶರಣಬಂಧುಗಳು ಸರ್ಕಾರದ ನೆರವಿಗೆ ಕಾಯದೆ, ಈ ತಿಂಗಳೇ ತಮ್ಮ ಕೆಲಸಗಾರರೊಡನೆ ಕುಳಿತು ಈ ಲೆಕ್ಕ ಹಾಕಬೇಕೆಂದು ಕೋರುತ್ತೇವೆ. ಅವರ ಒಪ್ಪಿಗೆಯಿಲ್ಲದೆ ಸೇರಲು ಬರುವುದಿಲ್ಲ.