ಡಾಕ್ಟರು ಬಂದರು, ಸಂಬಳ ಎಲ್ಲಿ?

ನಮ್ಮ ಕಡೆಯ ಹುಡುಗರು ಅಪ್ಪನ ಹೊಲ ಅಡವಿಟ್ಟು ಪರದೇಶದಲ್ಲಿ ಡಾಕ್ಟರಿಕೆ ಓದುವುದು ಹೊಸದೇನಲ್ಲ. ಆದರೆ ಸರಕಾರವೇ ಖರ್ಚು ಹಾಕಿ ಹಳ್ಳಿ ಬಡವರ ಮಕ್ಕಳನ್ನು ಸಮುದ್ರದಾಚೆ ಓದಿಸಿ, ಮುಗಿದ ಮೇಲೆ ಹಳ್ಳಿಗೇ ಬಂದು ದುಡಿ ಎಂದ ದೇಶವೊಂದಿದೆ. ಅದು ದಕ್ಷಿಣ ಆಫ್ರಿಕ.

ಅಲ್ಲಿ 1994ರಲ್ಲಿ ಬಿಳಿಯರ ದರಬಾರು ಮುಗಿದಾಗ ಡಾಕ್ಟರುಗಳೆಲ್ಲ ಪಟ್ಟಣದಲ್ಲಿ, ರೋಗಿಗಳು ಹಳ್ಳಿಯಲ್ಲಿ. ಮೇಲಿಂದ ಏಡ್ಸ್ ಮಾರಿ ಬೇರೆ. ಮಂಡೇಲಾ ಸರಕಾರ 1996ರಲ್ಲಿ ಕ್ಯಾಸ್ಟ್ರೋ ಅವರ ಕ್ಯೂಬಾ ಜತೆ ಕರಾರು ಮಾಡಿಕೊಂಡಿತು. ಹುಡುಗರು ಹೋಗಿ ಮೊದಲು ಸ್ಪ್ಯಾನಿಷ್ ಭಾಷೆ ಕಲಿಯಬೇಕು, ಆಮೇಲೆ ವೈದ್ಯಶಾಸ್ತ್ರ. ಕೊನೆಯ ಒಂದೂವರೆ ವರ್ಷದಷ್ಟು ತರಬೇತಿ ತಾಯ್ನಾಡಿನ ದವಾಖಾನೆಗಳಲ್ಲಿ.

ಇಲ್ಲೊಂದು ತಮಾಷೆ ನೋಡಿ. ಕ್ಯೂಬಾದಲ್ಲಿ ಎಚ್‌ಐವಿ ರೋಗಿಗಳೇ ಕಡಿಮೆ. ತಾಯಿಯಿಂದ ಮಗುವಿಗೆ ಈ ಸೋಂಕು ದಾಟುವುದನ್ನು ನಿಲ್ಲಿಸಿದ ಮೊದಲ ದೇಶ ಎಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಮುದ್ರೆ ಒತ್ತಿತು. ದಕ್ಷಿಣ ಆಫ್ರಿಕದಲ್ಲೋ ಸುಮಾರು 80 ಲಕ್ಷ ಸೋಂಕಿತರು. ಜಗತ್ತಿನ ಬೇರಾವ ದೇಶದಲ್ಲೂ ಇಷ್ಟಿಲ್ಲ. ರೋಗ ಬಾರದಂತೆ ಕಾಯುವ ವಿದ್ಯೆ ಕ್ಯೂಬಾದಲ್ಲಿ ಸಿಕ್ಕಿತು, ಸರಿ. ಏಡ್ಸೂ ಕ್ಷಯವೂ ಒಟ್ಟಿಗೆ ಹಿಡಿದವನನ್ನು ಉಳಿಸುವ ಪಾಠ ಮಾತ್ರ ಊರಿನ ವಾರ್ಡಿನಲ್ಲೇ ಆಗಬೇಕು.

ಡಾಕ್ಟರು ಬರಲಿ ಅಂತ ಕಾದು ಕೂತರೆ ರೋಗಿ ಉಳಿಯುತ್ತಾನೆಯೇ? ಸರಕಾರಿ ಗುಳಿಗೆ ಹಂಚಿಕೆ ಶುರುವಾದದ್ದೇ 2004ರಲ್ಲಿ, ಅದೂ ತಡವಾಗಿ. 2010ರಿಂದ ತರಬೇತಾದ ನರ್ಸುಗಳೇ ಎಚ್‌ಐವಿ ಗುಳಿಗೆ ಶುರು ಮಾಡಿಸಲು ಅಪ್ಪಣೆಯಾಯಿತು. ಹಳ್ಳಿ ಕ್ಲಿನಿಕ್ಕಿನ ಬಾಗಿಲಲ್ಲೇ ಔಷಧಿ ಸಿಕ್ಕಿತು. ಆದರೂ ಗುಳಿಗೆಗೆ ಬಗ್ಗದ ಕೇಸು ಬಂದರೆ ಡಾಕ್ಟರು ಬೇಕೇ ಬೇಕು.

ಆದರೆ ದೇವರು ಕೊಟ್ಟರೂ ಪೂಜಾರಿ ಕೊಡ! 2025ರ ಆರಂಭದಲ್ಲಿ ಓದು ಮುಗಿಸಿದ ನೂರಾರು ಡಾಕ್ಟರುಗಳು ಅಲ್ಲಿ ಕೆಲಸವಿಲ್ಲದೆ ಕೂತಿದ್ದರು. ರೋಗಿಗಳಿಲ್ಲ ಅಂತಲ್ಲ, ಖಜಾನೆಯಲ್ಲಿ ಸಂಬಳಕ್ಕೆ ದುಡ್ಡಿಲ್ಲ. ಅದೇ ಹೊತ್ತಿಗೆ ಅಮೆರಿಕ ಏಡ್ಸ್ ನೆರವಿಗೆ ಕತ್ತರಿ ಹಾಕಿತು. ಆ ಹಣದಲ್ಲಿ ದುಡಿಯುತ್ತಿದ್ದ ಸಾವಿರಾರು ಆರೋಗ್ಯ ನೌಕರರು ಮನೆ ಸೇರಿದರು. ಕೂಗಾಟ ಎದ್ದ ಮೇಲೆ ಏಪ್ರಿಲ್‌ನಲ್ಲಿ ಆರೋಗ್ಯ ಮಂತ್ರಿ ಆರನ್ ಮೊಟ್ಸೊಲೆಡಿ 1,200 ಡಾಕ್ಟರು, 200 ನರ್ಸುಗಳನ್ನು ತೆಗೆದುಕೊಳ್ಳುವುದಾಗಿ ಸಾರಿದರು.

ಅಂಗಡಿಕಾರನಿಗೆ ಈ ಲೆಕ್ಕ ಬಿಡಿಸಿ ಹೇಳಬೇಕಿಲ್ಲ. ದೂರದಿಂದ ಸರಕು ತರಿಸಿ ಬಾಗಿಲು ತೆರೆಯದಿದ್ದರೆ ಗಿರಾಕಿಗೇನು ಬಂತು? ಎಚ್‌ಐವಿ ಗುಳಿಗೆ ವಾರದ ಕೋರ್ಸಲ್ಲ, ಜೀವಮಾನದ್ದು. ಹುಡುಗನನ್ನು ವಿಮಾನ ಹತ್ತಿಸುವ ದಿನವೇ, ಅವನು ವಾಪಸಾದ ಮೇಲಿನ ಸಂಬಳಕ್ಕೂ ಸರಕಾರ ಹಣ ತೆಗೆದಿಡಬೇಕಿತ್ತು.